ಶಿರಕಾವಾ ಕಣಿವೆಯ ಹುಲ್ಲುಮನೆಗಳು

ಪ್ರಾಚೀನ ವಸ್ತುಗಳ ಸಂರಕ್ಷಣೆ ಎಂದೊಡನೆ ಜನರ ಮನಸ್ಸಿಗೆ ಮೊದಲು ತೋರುವುದು ಕಲ್ಲು. ದೇವಾಲಯ, ಕೋಟೆ, ಶಾಸನ, ವೀರಗಲ್ಲು, ಇವೆಲ್ಲವೂ ಶಿಲಾಮಯವಾದುವು. ಬಿರುಕುಗಳನ್ನು ಮುಚ್ಚಿ, ಬೇರೂರಿದ ಗಿಡಗಳನ್ನು ಕಿತ್ತು, ಕಾವಲಿಟ್ಟರೆ ಇನ್ನೂ ಕೆಲವು ಶತಮಾನಗಳ ಕಾಲ ನಿಲ್ಲತಕ್ಕುವು. ಅವುಗಳ ಉಳಿವಿಗಾಗಿ ಯಾರೂ ಅವುಗಳೊಳಗೆ ಸಂಸಾರ ಹೂಡಬೇಕಾಗಿಲ್ಲ. ಹುಲ್ಲುಮಾಡಿನ ಮನೆಯ ಮಾತು ಬೇರೆ. ಅದರ ಹೊದಿಕೆ ಮೂವತ್ತು ನಲವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಬಾಳದು. ಒಳಗೆ ಒಲೆ ಉರಿಯದಿದ್ದರೆ ಇನ್ನೂ ಬೇಗನೆ ಕೊಳೆಯುವುದು. ಜನರು ಬಿಟ್ಟುಹೋದರೆ ಕೆಲವೇ ಚಳಿಗಾಲಗಳಲ್ಲಿ ನೆಲಕ್ಕೆ ಕುಸಿಯುವುದು. ಹೀಗಿರಲು, ಇಂತಹ ಮನೆಗಳಿಂದ ಕೂಡಿದ ಬೆಟ್ಟದ ಹಳ್ಳಿಯೊಂದನ್ನು ಪೂರ್ವಿಕರ ಆಸ್ತಿಯೆಂದು ಕಾಪಾಡುವುದೆಂದರೇನು? ಕಾಪಾಡಬೇಕಾದುದು ಮರವನ್ನೋ, ಹುಲ್ಲನ್ನೋ, ಅಥವಾ ಆ ಮರವನ್ನೂ ಹುಲ್ಲನ್ನೂ ಕಾಲಕಾಲಕ್ಕೆ ಹೊಸದಾಗಿ ಕೂಡಿಸುವ ಜನರ ಪರಸ್ಪರ ಕಟ್ಟುಪಾಡನ್ನೋ? ಜಪಾನು ದೇಶದ ಒಂದು ಕಣಿವೆಯ ಜನರು ಈ ಪ್ರಶ್ನೆಯನ್ನು ಪುಸ್ತಕಗಳಲ್ಲಿ ಓದಿ ತಿಳಿದವರಲ್ಲ, ಬದುಕಿನಲ್ಲಿಯೇ ಎದುರಿಸಿದವರು. ಆದುದರಿಂದ ಅವರ ಚರಿತ್ರೆ ವಿಚಾರಾರ್ಹವಾಗಿದೆ.

ಜಪಾನಿನ ಅತಿ ದೊಡ್ಡ ದ್ವೀಪವಾದ ಹೊನ್ಶೂವಿನ ನಡುಭಾಗದಲ್ಲಿ ಬೆಟ್ಟಗಳು ದಟ್ಟವಾಗಿ ಎದ್ದುನಿಂತಿವೆ. ಅವುಗಳ ನಡುವೆ ಶೋ ಎಂಬ ನದಿಯು ಉತ್ತರಾಭಿಮುಖವಾಗಿ ಹರಿದು ಜಪಾನು ಸಮುದ್ರವನ್ನು ಸೇರುತ್ತದೆ. ಈ ನದಿಯ ಮೇಲ್ಭಾಗದ ಕಣಿವೆಗೆ ಶಿರಕಾವಾ ಎಂದು ಹೆಸರು. ಅದು ಹಿಂದಿನ ಹಿದಾ ಪ್ರಾಂತಕ್ಕೆ, ಈಗಿನ ಗಿಫು ಪ್ರಾಂತಕ್ಕೆ ಸೇರಿದುದು. ಅದಕ್ಕಿಂತ ಕೆಳಗಿನ ಭಾಗವು ಗೋಕಾಯಾಮಾ. ಅದು ಹಿಂದಿನ ಎಚ್ಚೂ, ಈಗಿನ ತೊಯಾಮಾ ಪ್ರಾಂತದ್ದು. ಪಶ್ಚಿಮ ದಿಕ್ಕಿನಲ್ಲಿ ೨,೭೦೨ ಮೀಟರು ಎತ್ತರದ ಹಾಕುಸಾನ್ ಪರ್ವತವಿದೆ. ಪುರಾತನ ಕಾಲದಿಂದಲೂ ಜನರು ಅದನ್ನು ದೇವತಾಸ್ಥಾನವೆಂದು ಪೂಜಿಸುತ್ತ ಬಂದಿದ್ದಾರೆ. ಕಡಲ ಮೇಲಿನಿಂದ ಬೀಸುವ ಚಳಿಗಾಲದ ಗಾಳಿ ತನ್ನ ತೇವವನ್ನೆಲ್ಲ ಈ ಬೆಟ್ಟಗಳ ಮೇಲೆ ಹಿಮವಾಗಿ ಸುರಿಸುತ್ತದೆ. ನೆಲದ ಮೇಲೆ ಎರಡು ಮೀಟರಿಗೂ ಹೆಚ್ಚು ಹಿಮ ಕೂಡುವುದು ಅಲ್ಲಿ ಅಪೂರ್ವವಲ್ಲ. ಹಿಂದಿನ ಕಾಲದಲ್ಲಿ ಚಳಿಗಾಲ ಬಂತೆಂದರೆ ದಾರಿಗಳೆಲ್ಲ ಮುಚ್ಚಿ, ವಸಂತದವರೆಗೂ ಕಣಿವೆಗೆ ಹೊರಗಿನ ಲೋಕದ ಸಂಬಂಧವೇ ತಪ್ಪಿಹೋಗುತ್ತಿತ್ತು.

ಇಂತಹ ನೆಲದಲ್ಲಿ ಬೆಳೆದ ಮನೆಯ ರೀತಿಗೆ ಗಾಶ್ಶೋ-ಜುಕುರಿ ಎಂಬ ಹೆಸರು. ಗಾಶ್ಶೋ ಎಂದರೆ ಅಂಜಲಿ. ಪ್ರಾರ್ಥನೆಗಾಗಿ ಜೋಡಿಸಿದ ಎರಡು ಕೈಗಳು. ಮನೆಯ ಮಾಡು ಆ ಕೈಗಳಂತೆಯೇ ಎರಡು ಕಡೆಯಿಂದ ಕಡಿದಾಗಿ ಮೇಲೆದ್ದು ನೆತ್ತಿಯಲ್ಲಿ ಕೂಡುತ್ತದೆ. ಅದರ ಇಳಿಜಾರು ಅರವತ್ತು ಡಿಗ್ರಿಗಳವರೆಗೂ ಇರುವುದರಿಂದ ಹಿಮವು ಜಾರಿ ಕೆಳಗೆ ಬೀಳುವುದು. ಮಳೆಯ ನೀರು ಹುಲ್ಲಿನೊಳಗೆ ಇಂಗುವ ಮೊದಲೇ ಹರಿದುಹೋಗುವುದು. ಓಗಿಮಾಚಿ ಎಂಬ ಹಳ್ಳಿಯಲ್ಲಿ ಮನೆಗಳ ನೆತ್ತಿಗಳೆಲ್ಲವೂ ಸುಮಾರಾಗಿ ಉತ್ತರ-ದಕ್ಷಿಣವಾಗಿ, ಕಣಿವೆಯ ನೇರಕ್ಕೆ ನಿಂತಿವೆ. ಕಣಿವೆಯುದ್ದಕ್ಕೂ ಬೀಸುವ ಗಾಳಿಗೆ ಮನೆಯ ಕಿರಿದಾದ ಮುಖ ಮಾತ್ರ ಸಿಕ್ಕುವುದು; ಬೆಳಗಿನ ಬಿಸಿಲು ಮಾಡಿನ ಒಂದು ಪಕ್ಕಕ್ಕೂ ಸಂಜೆಯ ಬಿಸಿಲು ಇನ್ನೊಂದು ಪಕ್ಕಕ್ಕೂ ತಗಲಿ ಹುಲ್ಲು ಒಣಗುವುದು. ನೋಡುವವರಿಗೆ ಚೆಲುವೆಂದು ತೋರುವ ಈ ಸಾಲು ಉಪಯೋಗದಿಂದಲೇ ಹುಟ್ಟಿದುದು.

ಕಟ್ಟಡದ ಒಳಗಿನ ಕ್ರಮವಂತೂ ಇನ್ನೂ ಗಮನಿಸತಕ್ಕದ್ದು. ಮನೆಯ ಕೆಳಭಾಗ, ಅಂದರೆ ಕಂಭ, ತೊಲೆ, ನೆಲಗಳ ಕೆಲಸ, ಕಸಬುದಾರ ಬಡಗಿಗಳದು. ಹಿದಾ ಪ್ರಾಂತದ ಬಡಗಿಗಳು ಜಪಾನಿನಲ್ಲೆಲ್ಲ ಹೆಸರಾದವರು. ಅದರ ಮೇಲಿನ ಮಾಡಿನ ಕೆಲಸ ಮಾತ್ರ ಹಳ್ಳಿಯ ಜನರದೇ. ಈ ಮಾಡಿನಲ್ಲಿ ಒಂದು ಕಬ್ಬಿಣದ ಮೊಳೆಯೂ ಇಲ್ಲ. ದೊಡ್ಡ ಇಳಿಮರಗಳ ಬುಡವನ್ನು ಮೊನೆಯಾಗಿ ಕೆತ್ತಿ, ಕೆಳಗಿನ ತೊಲೆಯಲ್ಲಿ ತೋಡಿದ ಗುಳಿಗಳಲ್ಲಿ ನಿಲ್ಲಿಸುತ್ತಾರೆ. ಉಳಿದ ಮರಗಳನ್ನೆಲ್ಲ ಹುಲ್ಲುಹಗ್ಗದಿಂದಲೂ, ಹಸಿಯಾಗಿರುವಾಗಲೇ ಜಜ್ಜಿ ತಿರುಚಿದ ಎಳೆಯ ಕೊಂಬೆಗಳಿಂದಲೂ ಬಿಗಿಯುತ್ತಾರೆ. ಈ ಕೊಂಬೆಗಳು ಒಣಗಿದ ಹಾಗೆಲ್ಲ ಕಟ್ಟು ಇನ್ನಷ್ಟು ಬಿಗಿಯಾಗುವುದು. ಗಾಳಿಯೋ ಭೂಕಂಪವೋ ಬಂದಾಗ ಮಾಡು ಸ್ವಲ್ಪ ತೂಗಾಡಿ ಮತ್ತೆ ತನ್ನ ಸ್ಥಿತಿಗೆ ಬರುವುದು. ಗಟ್ಟಿಯಾಗಿ ನಿಂತು ಮುರಿಯುವುದಿಲ್ಲ. ಅಟ್ಟದ ಭಾರವನ್ನು ಹೊರುವ ತೊಲೆಗಳು ಬುಡದಲ್ಲಿ ಬಾಗಿರುತ್ತವೆ. ಬೆಟ್ಟದ ಇಳಿಜಾರಿನಲ್ಲಿ ಬೆಳೆವ ಎಳೆಯ ಮರಗಳು ಹಿಮದ ಒತ್ತಡದಿಂದ ಬುಡದಲ್ಲಿ ಡೊಂಕಾಗಿ, ಆಮೇಲೆ ನೆಟ್ಟಗೆ ಬೆಳೆಯುತ್ತವೆ. ಪಟ್ಟಣದ ಬಡಗಿ ಬೇಡವೆಂದು ಬಿಡುವ ಆ ಡೊಂಕುಮರವನ್ನೇ ಈ ಜನರು ಆರಿಸಿ ತಂದರು. ಮನೆಗೆ ಭಾರವಾಗುವ ಹಿಮವೇ ಆ ಭಾರವನ್ನು ಹೊರುವ ತೊಲೆಯನ್ನೂ ರೂಪಿಸಿ ಕೊಟ್ಟಿತು.

ನೆಲದ ನಡುವೆ ಚೌಕವಾದ ಒಲೆಯಿರುವುದು. ಹಿಂದೆ ಅದು ವರ್ಷವಿಡೀ ಆರುತ್ತಿರಲಿಲ್ಲ. ಹೊಗೆಯು ಅಟ್ಟದ ಹಲಗೆಗಳ ಸಂದುಗಳಲ್ಲಿ ಹಾದು ಮೇಲೇರಿ, ಮರವನ್ನೂ ಹಗ್ಗವನ್ನೂ ಹುಲ್ಲನ್ನೂ ಕಪ್ಪಾಗಿಸಿ, ಹುಳುಹುಪ್ಪಟೆಗಳನ್ನು ದೂರವಿಟ್ಟು, ತೇವವನ್ನು ಒಣಗಿಸುತ್ತಿತ್ತು. ಒಲೆಯ ಬಳಿ ಕುಳಿತು ಅಡಿಗೆ ಮಾಡುವವರಿಗೆ ಅರಿವಿಲ್ಲದೆಯೇ ಮನೆಯ ಸಂರಕ್ಷಣೆ ದಿನದಿನವೂ ನಡೆಯುತ್ತಿತ್ತು.

ಕೂಳಿಗೇ ಕಷ್ಟವಾದ ಬೆಟ್ಟದ ನಾಡಿನಲ್ಲಿ ಇಷ್ಟು ದೊಡ್ಡ ಮನೆಗಳು ಏಕೆ ಎದ್ದುವೆಂಬ ಸಂದೇಹ ಸಹಜ. ಗದ್ದೆಗೆ ಯೋಗ್ಯವಾದ ಸಮತಟ್ಟಾದ ನೆಲ ಅಲ್ಲಿ ಅತ್ಯಲ್ಪ. ಇಳಿಜಾರುಗಳಲ್ಲಿ ಕಾಡನ್ನು ಕಡಿದು ಸುಟ್ಟು, ನವಣೆ ಸಾಮೆಗಳಂತಹ ಕಿರುಧಾನ್ಯಗಳನ್ನು ಬೆಳೆದು ಜನರು ಜೀವಿಸುತ್ತಿದ್ದರು. ಕೈಯಲ್ಲಿ ಹಣವಾಡುವಂತೆ ಮಾಡಿದುದು ರೇಷ್ಮೆ. ಮಾಡಿನೊಳಗಿನ ಎರಡು ಮೂರು ಅಂತಸ್ತುಗಳ ವಿಶಾಲವಾದ ಅಟ್ಟಗಳಲ್ಲಿ ಹುಳುಗಳ ತಟ್ಟೆಗಳನ್ನಿಟ್ಟು, ಕೆಳಗಿನ ಒಲೆಯ ಬೆಚ್ಚಗಿನ ಗಾಳಿಯಲ್ಲಿ ಅವನ್ನು ಸಾಕುತ್ತಿದ್ದರು. ಮಾಡು ಎತ್ತರವಾದಷ್ಟೂ ಹುಳುಗಳಿಗೆ ಸ್ಥಳ ಹೆಚ್ಚು. ಗೋಕಾಯಾಮಾದಲ್ಲಿ ಇದರ ಜೊತೆಗೆ ಇನ್ನೊಂದು ಕಸಬಿತ್ತು; ಅದು ಪೆಟ್ಲುಪ್ಪಿನ ತಯಾರಿಕೆ. ಒಲೆಯ ಪಕ್ಕದಲ್ಲಿ ನೆಲದಡಿಯ ಗುಂಡಿಗಳನ್ನು ತೋಡಿ, ಅವುಗಳಲ್ಲಿ ಮಣ್ಣು, ಕಾಡುಸೊಪ್ಪು, ರೇಷ್ಮೆಹುಳುಗಳ ಹಿಕ್ಕೆ ಇವನ್ನು ಪದರಪದರವಾಗಿ ತುಂಬಿ, ಆಗಾಗ್ಗೆ ಮಗುಚಿ, ಕೆಲವು ವರ್ಷಗಳ ತರುವಾಯ ಆ ಮಣ್ಣನ್ನು ನೀರಿನಲ್ಲಿ ತೊಳೆದು ಕುದಿಸಿ ಉಪ್ಪನ್ನು ತೆಗೆಯುತ್ತಿದ್ದರು. ಕೋವಿಮದ್ದಿಗೆ ಬೇಕಾದ ಈ ಪದಾರ್ಥವನ್ನು ಕಾಗಾ ಸಂಸ್ಥಾನದ ಮಾಯೆದಾ ವಂಶದ ಪ್ರಭುಗಳು ಕೊಂಡುಕೊಳ್ಳುತ್ತಿದ್ದರು. ಪೆಟ್ಲುಪ್ಪಿನ ಗುಟ್ಟು ಹೊರಗೆ ಹೋಗದಿರಲು ದುರ್ಗಮವಾದ ಕಣಿವೆಗಿಂತ ತಕ್ಕ ಎಡೆ ಬೇರೆ ಯಾವುದು? ಆ ಸಂಸ್ಥಾನದ ಗಡೀಪಾರಾದವರನ್ನು ಇಡುತ್ತಿದ್ದುದೂ ಗೋಕಾಯಾಮಾದಲ್ಲಿಯೇ. ಶೋ ನದಿಗೆ ಅಲ್ಲಿ ಸೇತುವೆಯಿರಲಿಲ್ಲ. ದಡದಿಂದ ದಡಕ್ಕೆ ಬಿಗಿದ ಹಗ್ಗದ ಮೇಲೆ ಬುಟ್ಟಿಯಲ್ಲಿ ಕುಳಿತು ದಾಟಬೇಕಾಗಿತ್ತು.

ಶಿರಕಾವಾದ ರಾಜಕೀಯ ಚರಿತ್ರೆ ಬೇರೆ ಬಗೆಯದು. ಅಲ್ಲಿ ಉಚಿಗಾಶಿಮಾ ಎಂಬ ಪಾಳೆಯಗಾರರ ವಂಶವೊಂದು ಆಳುತ್ತಿತ್ತು. ಕ್ರಿ. ಶ. ೧೫೮೬ನೆಯ ಜನವರಿಯಲ್ಲಿ ಮಹಾಭೂಕಂಪವಾಗಿ ಬೆಟ್ಟವೊಂದು ಕುಸಿದುಬಿದ್ದಿತು. ಕಾಯೆರಿಕುಮೋ ಎಂಬ ಅವರ ಕೋಟೆಯೂ ಕೋಟೆಯ ಪೇಟೆಯೂ ಒಂದೇ ರಾತ್ರಿಯಲ್ಲಿ ಮಣ್ಣಿನಡಿ ಹೂತುಹೋಗಿ ಆ ವಂಶವು ನಿರ್ನಾಮವಾಯಿತು. ೧೬೯೨ರಲ್ಲಿ ಹಿದಾ ಪ್ರಾಂತವು ತೊಕುಗಾವಾ ಸರಕಾರದ ನೇರ ಆಡಳಿತಕ್ಕೆ ಬಂದಿತು. ಪ್ರಭುಗಳು ಬದಲಾದರೂ ಕಣಿವೆಯ ಜೀವನಕ್ರಮ ಹೆಚ್ಚಾಗಿ ಬದಲಾಗಲಿಲ್ಲ. ಹಂಚಿಕೊಳ್ಳುವಷ್ಟು ಭೂಮಿಯಿಲ್ಲದ ಕಾರಣ ಶಿರಕಾವಾದ ಕೆಲವು ಹಳ್ಳಿಗಳಲ್ಲಿ ಮನೆ ಒಡೆಯುವ ಪದ್ಧತಿಯೇ ಇರಲಿಲ್ಲ. ಹಿರಿಯ ಮಗನು ಮಾತ್ರ ಹೆಂಡತಿಯನ್ನು ಮನೆಗೆ ಕರೆತರುವನು. ಉಳಿದ ಗಂಡಸರು ತಮ್ಮ ಹೆಂಡತಿಯರ ಮನೆಗೆ ಹೋಗಿಬರುವರು. ಮಕ್ಕಳು ತಾಯಿಯ ಮನೆಯಲ್ಲಿಯೇ ಬೆಳೆಯುವರು. ಹೀಗೆ ಒಂದೇ ಮಾಡಿನ ಕೆಳಗೆ ಮೂವತ್ತು ನಲವತ್ತು ಜನರು ಬಾಳಿದ ಮನೆಗಳು ಮೇಜಿ ಕಾಲದಲ್ಲಿಯೂ ಇದ್ದುವು. ಆ ಬಾಳಿನಲ್ಲಿ ಹಿತವೆಷ್ಟಿತ್ತೋ ನಿರ್ಬಂಧವೂ ಅಷ್ಟೇ ಇತ್ತು. ಹಳೆಯದನ್ನು ಹೊಗಳುವಾಗ ಕಿರಿಯ ಮಕ್ಕಳಿಗೆ ಸ್ವಂತ ಒಲೆಯಿರಲಿಲ್ಲವೆಂಬುದನ್ನು ಮರೆಯಲಾಗದು.

ಈ ಮನೆಗಳಿಗೆ ಆಧಾರವಾದುದು ತೊಲೆಕಂಭಗಳಿಗಿಂತ ಹೆಚ್ಚಾಗಿ ಯುಯಿ ಎಂಬ ಪದ್ಧತಿ. ಮಲೆನಾಡಿನವರು ಮುಯ್ಯಾಳು ಎಂದು ಕರೆಯುವುದೇ ಇದು: ಇಂದು ನನ್ನ ಮನೆಗೆ ನೀನು, ನಾಳೆ ನಿನ್ನ ಮನೆಗೆ ನಾನು. ಒಂದು ದೊಡ್ಡ ಮನೆಯ ಮಾಡನ್ನು ಹೊಸದಾಗಿ ಹೊದಿಸಲು ನೂರು ಇನ್ನೂರು ಜನರ ಕೈ ಬೇಕು. ಹಳೆಯ ಹುಲ್ಲನ್ನು ಕಿತ್ತ ಮೇಲೆ ಮಳೆ ಬಂದರೆ ಮನೆಯೆಲ್ಲ ಹಾಳಾಗುವುದರಿಂದ ಒಂದು ಪಕ್ಕವನ್ನು ಒಂದೆರಡು ದಿನಗಳಲ್ಲಿಯೇ ಮುಗಿಸಬೇಕು. ಅಷ್ಟು ಜನರಿಗೆ ಕೂಲಿ ಕೊಡುವ ಶಕ್ತಿ ಯಾವ ಮನೆಗೂ ಇರಲಿಲ್ಲ. ಇಂತಹ ಕೆಲಸಕ್ಕೆ ಕೂಲಿ ಕೇಳುವುದನ್ನು ಯಾರೂ ಅರಿತಿರಲೂ ಇಲ್ಲ. ಹಳ್ಳಿಗೆ ಸೇರಿದ ಹುಲ್ಲುಗಾವಲಿನಲ್ಲಿ ಹಿಮ ಬೀಳುವ ಮೊದಲು ಹುಲ್ಲನ್ನು ಕೊಯ್ದು ಒಣಗಿಸಿಟ್ಟುಕೊಂಡು, ಹಿಮ ಕರಗಿದ ಮೇಲೆ, ಹೊಲದ ಕೆಲಸ ಆರಂಭವಾಗುವ ಮುಂಚೆ, ಹೊದಿಸುವ ಕೆಲಸ ನಡೆಯುತ್ತಿತ್ತು. ಗಂಡಸರು ಮಾಡಿನ ಮೇಲೆ ಸಾಲಾಗಿ ನಿಂತು ಹುಲ್ಲನ್ನು ಹರಡಿ ಬಿಗಿಯುವರು. ಕೆಲವರು ಒಳಗಿನಿಂದ ಹಗ್ಗದ ಸೂಜಿಗಳನ್ನು ಹಿಂದಿರುಗಿಸುವರು. ಮುದುಕರು ಹಗ್ಗ ಹೊಸೆಯುವರು. ಹೆಂಗಸರು ಎಲ್ಲರಿಗೂ ಅಡಿಗೆ ಮಾಡುವರು.

ಈ ಸಹಾಯವೆಲ್ಲ ಕೇವಲ ಔದಾರ್ಯದ ಮೇಲೆ ನಿಂತುದಲ್ಲ. ಮನೆಮನೆಯಲ್ಲಿಯೂ ಒಂದು ಲೆಕ್ಕದ ಪುಸ್ತಕವಿರುತ್ತಿತ್ತು. ಯಾರು ಎಷ್ಟು ಹೊರೆ ಹುಲ್ಲು ತಂದರು, ಎಷ್ಟು ಹಗ್ಗ ಕೊಟ್ಟರು, ಯಾವ ಮನೆಯಿಂದ ಎಷ್ಟು ಆಳು ಎಷ್ಟು ದಿನ ಬಂದರು ಎಂಬುದನ್ನೆಲ್ಲ ಅದರಲ್ಲಿ ಬರೆದಿಡುತ್ತಿದ್ದರು. ತಂದೆಗೆ ದೊರೆತ ಸಹಾಯವನ್ನು ಮಗನು ಮೂವತ್ತು ವರ್ಷಗಳ ತರುವಾಯ ತೀರಿಸುವಾಗ ಆ ಪುಟವೇ ಪ್ರಮಾಣ. ಎಂದಮೇಲೆ ಹುಲ್ಲಿನ ಮಾಡೊಂದು ಹಳ್ಳಿಯವರೆಲ್ಲರ ಋಣಗಳ ಮೊತ್ತ. ಅವರಲ್ಲಿ ಒಬ್ಬನು ಊರು ಬಿಟ್ಟರೆ ಉಳಿದ ಪ್ರತಿಯೊಂದು ಮನೆಗೂ ಒಂದು ಕೈ ಕಡಿಮೆಯಾಗುವುದು. ಈ ಸಂಗತಿಯನ್ನು ನೆನಪಿನಲ್ಲಿಟ್ಟರೆ ಮುಂದಿನ ಚರಿತ್ರೆಯ ಅರ್ಥ ತಾನಾಗಿಯೇ ಸ್ಪಷ್ಟವಾಗುವುದು.

೧೯೩೩ರಲ್ಲಿ ತನ್ನ ದೇಶವನ್ನು ಬಿಟ್ಟು ಜಪಾನಿಗೆ ಬಂದು ಸೇರಿದ ಜರ್ಮನಿಯ ವಾಸ್ತುಶಿಲ್ಪಿ ಬ್ರೂನೋ ಟಾಟನು ೧೯೩೫ರ ಮೇ ತಿಂಗಳಲ್ಲಿ ಶಿರಕಾವಾವನ್ನು ನೋಡಿದನು. ಈ ಮನೆಗಳ ರಚನೆ ಯುಕ್ತಿಯುಕ್ತವಾದುದೆಂದೂ, ಜಪಾನಿನಲ್ಲಿ ಬೇರೆಲ್ಲಿಯೂ ಇಂತಹುದು ಅಪರೂಪವೆಂದೂ ಅವನು ಬರೆದನು. ಅವನ ಗ್ರಂಥದಿಂದ ಹೊರಗಿನ ಲೋಕಕ್ಕೆ ಈ ಕಣಿವೆಯ ಹೆಸರು ತಿಳಿಯಿತು. ಆದರೆ ಪರದೇಶದ ವಿದ್ವಾಂಸನ ಹೊಗಳಿಕೆಯಿಂದ ಹಳ್ಳಿಗಳು ಉಳಿಯಲಿಲ್ಲ. ಅವು ಅಳಿಯುವ ಕಾಲ ಅದಾಗಲೇ ಸಮೀಪಿಸಿತ್ತು.

ಮೇಜಿ ಯುಗದಲ್ಲಿ ಹೊರದೇಶದಿಂದ ಅಗ್ಗವಾದ ಪೆಟ್ಲುಪ್ಪು ಬಂದು ಗೋಕಾಯಾಮಾದ ಕಸಬು ನಿಂತಿತು. ಎರಡನೆಯ ಮಹಾಯುದ್ಧದ ಅನಂತರ ರೇಷ್ಮೆಯೂ ಕ್ಷೀಣಿಸಿತು. ಅಟ್ಟಗಳು ಬರಿದಾದುವು, ಬರಿಯ ಅಟ್ಟಕ್ಕಾಗಿ ಅಷ್ಟು ದೊಡ್ಡ ಮಾಡನ್ನು ಹೊದಿಸುವ ಶ್ರಮ ವ್ಯರ್ಥವೆಂದು ಅನೇಕರಿಗೆ ತೋರಿತು. ಇದೇ ಸಮಯದಲ್ಲಿ ಪಟ್ಟಣಗಳ ಕಾರ್ಖಾನೆಗಳಿಗೆ ವಿದ್ಯುಚ್ಛಕ್ತಿ ಬೇಕಾಗಿ, ಶೋ ನದಿಗೆ ಒಂದರ ಮೇಲೊಂದರಂತೆ ಕಟ್ಟೆಗಳು ಬಂದುವು. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ೧೯೬೧ರಲ್ಲಿ ಮುಗಿದ ಮಿಬೋರೋ ಕಟ್ಟೆ. ಕಲ್ಲುಮಣ್ಣುಗಳಿಂದ ಕಟ್ಟಿದ ಅದರ ಎತ್ತರ ೧೩೧ ಮೀಟರು. ಅದರ ಹಿನ್ನೀರಿನಲ್ಲಿ ಮುಳುಗಬೇಕಾಗಿದ್ದ ಹಳ್ಳಿಗಳ ಜನರು, ಪ್ರಾಣ ಕೊಟ್ಟಾದರೂ ಕಾಯುವೆವು ಎಂಬರ್ಥದ ಹೆಸರಿನ ಸಂಘವನ್ನು ಕಟ್ಟಿ ವರ್ಷಗಟ್ಟಲೆ ಹೋರಾಡಿ, ೧೯೫೯ರಲ್ಲಿ ಅದನ್ನು ತಾವೇ ವಿಸರ್ಜಿಸಿ ಊರು ಬಿಟ್ಟರು. ಆ ವಿಸರ್ಜನೆಯ ಸಭೆಗೆ ಬಂದಿದ್ದ ತಕಾಸಾಕಿ ತತ್ಸುನೊಸುಕೆ ಎಂಬವರು ಮೊದಲು ಕಟ್ಟೆಯ ಕಂಪೆನಿಗೆ ಅಧ್ಯಕ್ಷರಾಗಿದ್ದವರು. ಮುಳುಗಲಿದ್ದ ಗುಡಿಯೊಂದರ ಅಂಗಳದಲ್ಲಿ ಶತಮಾನಗಳಷ್ಟು ಹಳೆಯದಾದ ಚೆರ್ರಿಮರವೊಂದನ್ನು ಕಂಡು, ಇದನ್ನಾದರೂ ಉಳಿಸಬೇಕೆಂದು ಅವರಿಗೆ ಎನ್ನಿಸಿತು. ೧೯೬೦ರಲ್ಲಿ ಆ ಮರವನ್ನೂ ಇನ್ನೊಂದು ಗುಡಿಯ ಅಂಥದೇ ಮರವನ್ನೂ ಬುಡಸಹಿತ ಎತ್ತಿ ದಡದ ಮೇಲೆ ನೆಟ್ಟರು. ಮರಗಳು ಚಿಗುರಿದುವು, ಇಂದಿಗೂ ವಸಂತದಲ್ಲಿ ಜಲಾಶಯದ ಅಂಚಿನಲ್ಲಿ ಹೂಬಿಡುತ್ತವೆ. ಮರಗಳನ್ನು ಕಿತ್ತು ನೆಡಬಹುದು. ಊರಿನ ಜನರು ಮಾತ್ರ ದಿಕ್ಕುದಿಕ್ಕಿಗೆ ಚೆದುರಿಹೋದರು.

ಮನೆಗಳನ್ನೂ ಹಾಗೆಯೇ ಕಿತ್ತು ಸಾಗಿಸಿದರು. ಮೊಳೆಯಿಲ್ಲದ ಮನೆಯನ್ನು ಬಿಚ್ಚುವುದೂ ಮತ್ತೆ ಕಟ್ಟುವುದೂ ಸುಲಭ. ಮಿಬೋರೋದ ನೀರಿಗೆ ಸಿಕ್ಕಬೇಕಾಗಿದ್ದ ದೊಡ್ಡ ಮನೆಯೊಂದು ಯೊಕೊಹಾಮಾ ನಗರದ ಸಾಂಕೇಯೆನ್ ಉದ್ಯಾನವನ್ನು ಸೇರಿತು. ಬೇರೆ ಕೆಲವು ಪಟ್ಟಣಗಳ ಬಯಲು ವಸ್ತುಸಂಗ್ರಹಾಲಯಗಳನ್ನು ಸೇರಿದುವು. ಇನ್ನು ಕೆಲವು ದೂರದ ಊರುಗಳಲ್ಲಿ ಭೋಜನಶಾಲೆಗಳಾದುವು. ೧೯೬೭ರಲ್ಲಿ ಶಿರಕಾವಾದ ಕಾಜುರಾ ಎಂಬ ಹಳ್ಳಿಯ ಜನರೆಲ್ಲರೂ ಒಟ್ಟಾಗಿ ಊರನ್ನು ತೊರೆದರು. ಅಲ್ಲಿ ಯಾವ ಕಟ್ಟೆಯ ನೀರೂ ಏರಿರಲಿಲ್ಲ. ಚಳಿಗಾಲದಲ್ಲಿ ರೋಗಿಯನ್ನು ವೈದ್ಯನ ಬಳಿಗೆ ಕೊಂಡೊಯ್ಯಲಾಗದಷ್ಟು ಒಂಟಿಯಾದ ಎಡೆಯಲ್ಲಿ ಉಳಿದ ಕೆಲವೇ ಮನೆಗಳವರು ಬಾಳುವುದು ದುಸ್ತರವಾಗಿತ್ತು. ಉದ್ಯಾನದಲ್ಲಿ ನಿಲ್ಲಿಸಿದ ಮನೆಯನ್ನು ನಿಂದಿಸಬೇಕಾಗಿಲ್ಲ. ಅದಿಲ್ಲದಿದ್ದರೆ ಆ ಮನೆಯೂ ಇರುತ್ತಿರಲಿಲ್ಲ. ಆದರೆ ಅಲ್ಲಿ ನೆರೆಮನೆಯಿಲ್ಲ, ಹುಲ್ಲುಗಾವಲಿಲ್ಲ, ತೀರಿಸಬೇಕಾದ ಋಣವೂ ಇಲ್ಲ. ಉಳಿದುದು ಮನೆಯೊಂದೇ, ಹಳ್ಳಿಯಲ್ಲ.

ಈ ವ್ಯತ್ಯಾಸವನ್ನು ಮೊದಲು ಕಂಡುಕೊಂಡವರು ಓಗಿಮಾಚಿಯ ನಿವಾಸಿಗಳೇ. ೧೯೭೧ರಲ್ಲಿ ಅವರು ಒಂದು ಸಂಘವನ್ನು ಸ್ಥಾಪಿಸಿ ಮೂರು ನಿಯಮಗಳನ್ನು ಮಾಡಿಕೊಂಡರು: ಮಾರಕೂಡದು, ಬಾಡಿಗೆಗೆ ಕೊಡಕೂಡದು, ಕೆಡವಕೂಡದು. ಮನೆಗಳಿಗೆ ಮಾತ್ರವಲ್ಲ, ಗದ್ದೆ ಹೊಲಗಳಿಗೂ ಕಾಡಿಗೂ ಈ ನಿಯಮವು ಅನ್ವಯಿಸಿತು. ಅದೇ ವರ್ಷ ನಾಗಾನೋ ಪ್ರಾಂತದ ತ್ಸುಮಾಗೋ ಎಂಬ ಹಳೆಯ ಹೆದ್ದಾರಿಯೂರಿನವರೂ ಇಂತಹುದೇ ಪ್ರತಿಜ್ಞೆಯನ್ನು ಕೈಕೊಂಡಿದ್ದರು. ಬಡವನಾದ ಒಡೆಯನಿಗೆ ಪಟ್ಟಣದ ಕೊಳ್ಳುಗನು ಎಣಿಸಿ ಕೊಡುವ ಹಣವನ್ನು ಬೇಡವೆನ್ನುವುದು ಹಗುರವಾದ ಪ್ರತಿಜ್ಞೆಯಲ್ಲ. ಹಂಚಿನ ಅಥವಾ ತಗಡಿನ ಮಾಡಿನ ಸುಖವನ್ನು ಬಿಟ್ಟು, ಹೊಗೆಯೂ ಚಳಿಯೂ ತುಂಬಿದ ಮನೆಯಲ್ಲಿ ತಮ್ಮ ಮಕ್ಕಳನ್ನೂ ಬೆಳೆಸುವೆವೆಂದು ಒಪ್ಪಿಕೊಳ್ಳುವುದೂ ಹಗುರವಲ್ಲ. ಕೆಲವು ಮನೆಗಳನ್ನು ಮಾರಿಬಿಟ್ಟರೆ ಉಳಿದ ಮಾಡುಗಳನ್ನು ಹೊದಿಸುವ ಕೈಗಳೇ ಇಲ್ಲವಾಗುವುವೆಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಆದುದರಿಂದಲೇ ಹರಕೆಯನ್ನು ಒಬ್ಬೊಬ್ಬರಾಗಿ ಹೊರದೆ ಊರೇ ಹೊತ್ತಿತು.

ಸರಕಾರದ ಶಾಸನ ಅವರ ಹಿಂದೆಯೇ ಬಂದಿತು. ೧೯೪೯ರಲ್ಲಿ ಪ್ರಾಚೀನವಾದ ಹೋರ್ಯೂಜಿ ದೇವಾಲಯದ ಭಿತ್ತಿಚಿತ್ರಗಳು ಬೆಂಕಿಗೆ ಆಹುತಿಯಾದ ಮೇಲೆ, ಮರುವರ್ಷವೇ ಜಪಾನು ಸಾಂಸ್ಕೃತಿಕ ಸಂಪತ್ತಿನ ರಕ್ಷಣೆಗಾಗಿ ಶಾಸನ ಮಾಡಿತ್ತು. ಆದರೆ ಅದು ಹೆಚ್ಚಾಗಿ ಒಂದೊಂದು ಕಟ್ಟಡವನ್ನು, ಒಂದೊಂದು ವಸ್ತುವನ್ನು ಲಕ್ಷಿಸಿದ್ದುದು. ೧೯೭೫ರ ತಿದ್ದುಪಡಿಯಿಂದ ಮನೆಗಳ ಸಮೂಹವನ್ನೇ, ಅವುಗಳ ಸುತ್ತಲಿನ ಕಾಲುವೆ, ಗೋಡೆ, ಗದ್ದೆ, ಮರಗಳೊಡನೆ ರಕ್ಷಿಸುವ ಅವಕಾಶವಾಯಿತು. ೧೯೭೬ರಲ್ಲಿ ಹಾಗೆ ಮೊದಲು ಆರಿಸಲ್ಪಟ್ಟ ಏಳು ಪ್ರದೇಶಗಳಲ್ಲಿ ಓಗಿಮಾಚಿಯೂ ಒಂದು. ಗೋಕಾಯಾಮಾದ ಐನೋಕುರಾ, ಸುಗಾನುಮಾ ಎಂಬ ಎರಡು ಹಳ್ಳಿಗಳು ೧೯೭೦ರಲ್ಲಿಯೇ ಐತಿಹಾಸಿಕ ಸ್ಥಳಗಳೆಂದು ಗಣ್ಯವಾಗಿದ್ದುವು. ಐನೋಕುರಾದ ಹಿಂದಿನ ಇಳಿಜಾರಿನಲ್ಲಿ ಒಂದು ಕಾಡಿದೆ. ಮೇಲಿನಿಂದ ಉರುಳುವ ಹಿಮರಾಶಿಯನ್ನು ತಡೆಯುವುದಕ್ಕಾಗಿ ಪೂರ್ವಿಕರು ಅಲ್ಲಿ ಕೊಡಲಿಯನ್ನೇ ನಿಷೇಧಿಸಿದ್ದರು. ಆ ಕಾಡಿಲ್ಲದೆ ಮನೆಗಳಿಲ್ಲವೆಂಬುದನ್ನು ಹೊಸ ಶಾಸನವೂ ಒಪ್ಪಿಕೊಂಡಂತಾಯಿತು. ಅಂದಿನಿಂದ ಮಾಡು ಹೊದಿಸುವ ಖರ್ಚಿನ ಬಹುಭಾಗ ಸರಕಾರದ ಬೊಕ್ಕಸದಿಂದ ದೊರೆಯುತ್ತಿದೆ.

ಹುಲ್ಲುಮನೆಗಳ ಪರಮಶತ್ರು ಬೆಂಕಿ. ಒಂದು ಕಿಡಿ ತಗಲಿದರೆ ಗಾಳಿಗೆ ಊರೆಲ್ಲ ಉರಿದುಹೋಗುವುದು. ಇದಕ್ಕಾಗಿ ಓಗಿಮಾಚಿಯಲ್ಲಿ ಬೆಟ್ಟದ ಮೇಲಿನ ತೊಟ್ಟಿಯಿಂದ ನೀರು ತನ್ನ ಒತ್ತಡದಿಂದಲೇ ಚಿಮ್ಮುವಂತೆ ಊರಿನ ಉದ್ದಗಲಕ್ಕೂ ನೀರುಕೊಳವೆಗಳನ್ನು ಹೂಡಿದ್ದಾರೆ. ಪ್ರತಿವರ್ಷ ಶರತ್ಕಾಲದ ಕೊನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ತೆರೆದು ಪರೀಕ್ಷಿಸುವರು. ಆಗ ಮನೆಗಳ ಮೇಲೆ ನೀರಿನ ಕಮಾನುಗಳೇಳುವುದನ್ನು ನೋಡಲು ಜನ ನೆರೆಯುತ್ತಾರೆ. ಆದರೆ ಯಂತ್ರವೊಂದನ್ನೇ ಊರು ನಂಬಿಲ್ಲ. ಮನೆಮನೆಯವರು ಸರದಿಯ ಮೇಲೆ ಬೀದಿಗಳಲ್ಲಿ ತಿರುಗಿ, ಬೆಂಕಿಯ ವಿಷಯದಲ್ಲಿ ಜಾಗರೂಕರಾಗಿರಿ ಎಂದು ಕೂಗಿ ಎಚ್ಚರಿಸುವ ಹಳೆಯ ಪದ್ಧತಿ ಇಂದಿಗೂ ನಿಂತಿಲ್ಲ.

೧೯೯೫ರ ಡಿಸೆಂಬರಿನಲ್ಲಿ ಈ ಮೂರು ಹಳ್ಳಿಗಳನ್ನು ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಆಗ ಓಗಿಮಾಚಿಯಲ್ಲಿ ೫೯, ಐನೋಕುರಾದಲ್ಲಿ ೨೦, ಸುಗಾನುಮಾದಲ್ಲಿ ೯ ಗಾಶ್ಶೋ ಮನೆಗಳನ್ನು ಲೆಕ್ಕಹಾಕಿದ್ದರು. ಆ ಪಟ್ಟಿಯಲ್ಲಿನ ಅನೇಕ ತಾಣಗಳಂತೆ ಇವು ಬರಿದಾದ ಅವಶೇಷಗಳಲ್ಲ. ಜನರು ಉಂಡು ಮಲಗುವ ಮನೆಗಳು. ಕೀರ್ತಿಯೊಡನೆ ಕಷ್ಟವೂ ಬಂದಿತು. ೨೦೦೮ರಲ್ಲಿ ಹೆದ್ದಾರಿ ಪೂರ್ಣವಾಗಿ ತೆರೆದ ಮೇಲೆ ಪಟ್ಟಣದವರು ಬೆಳಿಗ್ಗೆ ಹೊರಟು ಸಂಜೆಗೆ ಹಿಂದಿರುಗಬಹುದಾಯಿತು. ಹದಿನಾರು ನೂರರಷ್ಟು ಜನರಿರುವ ಗ್ರಾಮಕ್ಕೆ ವರ್ಷಕ್ಕೆ ಹದಿನೈದು ಲಕ್ಷಕ್ಕೂ ಹೆಚ್ಚು ಪ್ರವಾಸಿಗಳು ಬಂದ ವರ್ಷಗಳುಂಟು. ಗದ್ದೆಗಳ ಜಾಗದಲ್ಲಿ ವಾಹನಗಳು ನಿಂತುವು. ಮನೆಗಳ ಮುಂಭಾಗ ಅಂಗಡಿಗಳಾದುವು. ಅಪರಿಚಿತರು ಬಾಗಿಲು ತೆರೆದು ಒಳಗೆ ಇಣಿಕಿ ನೋಡುವುದೂ ನಡೆಯಿತು. ಉಳಿಸಬೇಕೆಂದು ಕೈಕೊಂಡ ಪ್ರಯತ್ನದಿಂದಲೇ ಹಳ್ಳಿಯು ಇನ್ನೊಂದು ರೀತಿಯಲ್ಲಿ ವಸ್ತುಸಂಗ್ರಹಾಲಯವಾಗುವ ಭಯ ಕಾಣಿಸಿಕೊಂಡಿತು.

ಇದಕ್ಕೂ ಊರಿನವರು ಸುಮ್ಮನೆ ಕೂರಲಿಲ್ಲ. ವಾಹನಗಳನ್ನು ಹೊಳೆಯಾಚೆಗೆ ನಿಲ್ಲಿಸಿ ಕಾಲ್ನಡೆಯಲ್ಲಿ ಬರುವ ಏರ್ಪಾಡಾಯಿತು. ಅವು ನಿಲ್ಲುವ ಶುಲ್ಕದಿಂದ ಬಂದ ಹಣ ಮನೆಗಳ ರಕ್ಷಣೆಗೆ ಒದಗುವಂತಾಯಿತು. ೧೯೮೬ರಿಂದ ನಡೆಯುತ್ತಿದ್ದ ಚಳಿಗಾಲದ ದೀಪಾಲಂಕಾರದ ಸಂಜೆಗಳಿಗೆ ೨೦೧೯ರಿಂದ ಮುಂಗಡವಾಗಿ ಸ್ಥಳ ಕಾದಿರಿಸಿದವರಿಗೆ ಮಾತ್ರ ಪ್ರವೇಶವೆಂದು ಗೊತ್ತುಮಾಡಿದರು. ಪ್ರವಾಸಿಗಳನ್ನು ಪೂರ್ಣವಾಗಿ ದೂರವಿಡುವುದೂ ಸಾಧ್ಯವಲ್ಲ, ಯುಕ್ತವೂ ಅಲ್ಲ. ರೇಷ್ಮೆಯಿಂದ ಹೊಟ್ಟೆ ತುಂಬುತ್ತಿದ್ದ ಅಟ್ಟಕ್ಕೆ ಇಂದು ಅತಿಥಿಯೇ ಆದಾಯ. ತರುಣರು ಊರಿನಲ್ಲಿ ನಿಲ್ಲಬೇಕಾದರೆ ದುಡಿಮೆ ಬೇಕು. ಗೋಕಾಯಾಮಾದಲ್ಲಿ ಕೈಯಿಂದ ಕಾಗದ ಮಾಡುವ ಹಳೆಯ ಕಸಬು ಮುಂದುವರಿಯುತ್ತಿದೆ. ಮರದ ಬಿಲ್ಲೆಗಳನ್ನು ಹುರಿಯಲ್ಲಿ ಕೋದ ವಾದ್ಯವನ್ನು ಬಾಗಿಸಿ ನುಡಿಸುತ್ತ ಹಾಡುವ ಪದಗಳನ್ನು ಹಳ್ಳಿಯ ಮಕ್ಕಳು ಕಲಿಯುತ್ತಾರೆ. ಶರತ್ಕಾಲದಲ್ಲಿ ಶಿರಕಾವಾದ ದೇವಸ್ಥಾನಗಳಲ್ಲಿ ಅಕ್ಕಿಯಿಂದ ಮಾಡಿದ ಮಂದವಾದ ಮದ್ಯವನ್ನು ದೇವರಿಗರ್ಪಿಸಿ ಬಂದವರಿಗೆಲ್ಲ ಹಂಚುವ ಜಾತ್ರೆ ನಡೆಯುತ್ತದೆ.

ಕೊನೆಯದಾಗಿ ಯುಯಿಯ ಸ್ಥಿತಿಯನ್ನು ನೋಡಬೇಕು. ಚರಿತ್ರೆಯ ತಿರುಳು ಅಲ್ಲಿಯೇ ಇದೆ. ಒಲೆಗಳು ಹೆಚ್ಚಿನ ಮನೆಗಳಲ್ಲಿ ಆರಿವೆ; ಎಣ್ಣೆಯ ಒಲೆಯೂ ವಿದ್ಯುತ್ತೂ ಬಂದಿವೆ. ಹೊಗೆಯಿಲ್ಲದ ಹುಲ್ಲು ಮೊದಲಿನಷ್ಟು ಬಾಳುವುದಿಲ್ಲ. ಹುಲ್ಲುಗಾವಲುಗಳು ಕಾಡಾಗಿ ಹೋದುದರಿಂದ ಹುಲ್ಲನ್ನು ಹೊರಗಿನಿಂದಲೂ ತರಿಸಬೇಕಾಗಿ, ಊರಿನ ಗಾವಲುಗಳನ್ನು ಮತ್ತೆ ಬೆಳೆಸುವ ಪ್ರಯತ್ನ ನಡೆದಿದೆ. ಗೋಕಾಯಾಮಾದಲ್ಲಿ ಮಾಡಿನ ಕೆಲಸವನ್ನು ಹೆಚ್ಚಾಗಿ ಅರಣ್ಯ ಸಹಕಾರ ಸಂಘದ ಕುಶಲ ಕೆಲಸಗಾರರು ಕೂಲಿಗೆ ಮಾಡುತ್ತಾರೆ. ಶಿರಕಾವಾದಲ್ಲಿಯೂ ಅನೇಕ ಮಾಡುಗಳು ಹೀಗೆಯೇ ನಡೆಯುತ್ತವೆ. ಈ ತರುಣ ಕೆಲಸಗಾರರಿಂದ ವಿದ್ಯೆ ಉಳಿದಿದೆ ಎಂಬುದು ನಿಜ. ಆದರೆ ಹಣ ಕೊಟ್ಟು ಹೊದಿಸಿದ ಮಾಡಿಗೆ ಲೆಕ್ಕದ ಪುಸ್ತಕ ಬೇಕಿಲ್ಲ. ಅದರೊಡನೆ ಋಣವೂ ತೀರಿಹೋಗುತ್ತದೆ. ಇದನ್ನರಿತೇ ಓಗಿಮಾಚಿಯವರು ಆಗಾಗ್ಗೆ ಒಂದು ಮಾಡನ್ನಾದರೂ ಹಳೆಯ ಕ್ರಮದಲ್ಲಿ, ಊರಿನವರೆಲ್ಲ ಸೇರಿ ಹೊದಿಸುತ್ತಾರೆ. ೨೦೦೧ರ ವಸಂತದಲ್ಲಿ ಬಹು ವರ್ಷಗಳ ಬಳಿಕ ಅತಿ ದೊಡ್ಡ ಮನೆಯೊಂದರ ಮಾಡನ್ನು ಹೊಸದು ಮಾಡಿದಾಗ, ಊರಿನವರೊಡನೆ ಹೊರಗಿನಿಂದ ಬಂದವರೂ ಸೇರಿ ನೂರಾರು ಜನರು ಏಣಿಗಳನ್ನು ಹತ್ತಿದರು.

ಬೆಟ್ಟದ ಹಳ್ಳಿಗಳನ್ನು ಉಳಿಸಬೇಕೆಂಬ ಮಾತು ಇಂದು ಎಲ್ಲ ದೇಶಗಳಲ್ಲಿಯೂ ಕೇಳಿಬರುತ್ತಿದೆ. ಶಿರಕಾವಾದ ಚರಿತ್ರೆಯಲ್ಲಿ ಕಾಣುವ ಕ್ರಮ ಇದು: ಕಸಬು ಹೋದಾಗ ಮನೆ ಅಲುಗಿತು, ಜನ ಹೋದಾಗ ಮನೆ ಮಾರಾಟವಾಯಿತು, ಉಳಿದವರು ಒಬ್ಬರಿಗೊಬ್ಬರು ಮಾತು ಕೊಟ್ಟಾಗ ಮನೆ ನಿಂತಿತು, ಶಾಸನವೂ ಹಣವೂ ಕೀರ್ತಿಯೂ ಆ ಮಾತಿನ ತರುವಾಯ ಬಂದುವು. ಮೊದಲನೆಯದಿಲ್ಲದೆ ಇವು ಮೂರೂ ಬಂದಿದ್ದರೆ ಕಣಿವೆಯಲ್ಲಿ ಇಂದು ಚೆಲುವಾದ ಬರಿಮನೆಗಳು ನಿಂತಿರುತ್ತಿದ್ದುವು. ಇನ್ನು ಮುಂದೆ ಏನಾಗುವುದೆಂಬುದು ಅಲ್ಲಿಯ ಮಕ್ಕಳು ದೊಡ್ಡವರಾಗಿ ಊರಿನಲ್ಲಿ ನಿಲ್ಲುವರೇ ಎಂಬುದನ್ನು ಅವಲಂಬಿಸಿದೆ. ಇಂದು ಹೊದಿಸಿದ ಹುಲ್ಲು ಮೂವತ್ತು ವರ್ಷಗಳಲ್ಲಿ ಕೊಳೆಯುವುದು. ಆಗ ಮತ್ತೆ ಏಣಿ ಹತ್ತಬೇಕಾದವರು ಈಗ ಶಾಲೆಯಲ್ಲಿ ಕುಳಿತಿರುವ ಆ ಮಕ್ಕಳೇ.